ಪುಟ್ಟ ವಿಮಾನಕ್ಕೆ ದೀಪ ಹಚ್ಚುವ ಲೆಕ್ಕ

ಮೋಡವಿಲ್ಲದ ರಾತ್ರಿ ತಾರಸಿಯ ಮೇಲೆ ನಿಂತು ಆಕಾಶ ನೋಡುವ ಅಭ್ಯಾಸವಿದ್ದವರಿಗೆ ವಿಮಾನದ ದೀಪಗಳು ಹೊಸತಲ್ಲ. ಸದ್ದು ಕಿವಿಗೆ ಬೀಳುವ ಮೊದಲೇ ಕಣ್ಣಿಗೆ ಬೀಳುವುದು ಥಟ್ಟನೆ ಮಿಂಚಿ ಮಾಯವಾಗುವ ಬಿಳಿ ಬೆಳಕು. ಇನ್ನಷ್ಟು ಹತ್ತಿರವಾದಾಗ ಒಂದು ಪಕ್ಕದಲ್ಲಿ ಕೆಂಪು ಚುಕ್ಕೆ, ಇನ್ನೊಂದು ಪಕ್ಕದಲ್ಲಿ ಹಸಿರು ಚುಕ್ಕೆ. ಹೊಟ್ಟೆಯಡಿಯಲ್ಲಿ ಮತ್ತೊಂದು ಕೆಂಪು ದೀಪ ತನ್ನದೇ ಬೇರೆ ಲಯದಲ್ಲಿ ಹತ್ತಿ ಆರುತ್ತಿರುತ್ತದೆ. ಬಹಳ ಮಂದಿ ಇವನ್ನೆಲ್ಲ ಅಲಂಕಾರವೆಂದೇ ತಿಳಿದಿದ್ದಾರೆ. ಪ್ರತಿ ದೀಪದ ಜಾಗ, ಬಣ್ಣ, ಅದು ಕಾಣಬೇಕಾದ ಕೋನ, ಅದರ ಕನಿಷ್ಠ ಪ್ರಖರತೆ ಎಲ್ಲವೂ ನಿಯಮಾವಳಿಯಲ್ಲಿ ಬರೆದಿಟ್ಟಂಥವು ಎಂದಾಗ ಆಶ್ಚರ್ಯಪಡುತ್ತಾರೆ.

ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ, ಬಣ್ಣ ಹಚ್ಚಿ ವಿಮಾನದ ಮಾದರಿ ತಯಾರಿಸುವ ಹವ್ಯಾಸ ಯೂರೋಪ್, ಜಪಾನ್‌ಗಳಲ್ಲಿ ಇರುವಷ್ಟು ನಮ್ಮಲ್ಲಿಲ್ಲ. ಆದರೂ ಈಗ ಅಂಚೆಯ ಮೂಲಕ ಕಿಟ್‌ಗಳು ಸಣ್ಣ ಊರುಗಳಿಗೂ ಬರುತ್ತಿವೆ. ಮಾದರಿ ಮಾಡಿದ ಹುಡುಗರು ಅಷ್ಟಕ್ಕೇ ಸುಮ್ಮನಿರುವುದಿಲ್ಲ, ಅದಕ್ಕೆ ದೀಪ ಬೇಕೆನ್ನುತ್ತಾರೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ವಸ್ತು ಪ್ರದರ್ಶನಗಳಲ್ಲಿ ಇಂಥ ವಿಮಾನಗಳನ್ನು ಸಾಕಷ್ಟು ನೋಡಿದ್ದೇನೆ. ದೀಪಾವಳಿಯ ಸೀರಿಯಲ್ ಸೆಟ್ಟನ್ನೇ ರೆಕ್ಕೆಗೆ ಸುತ್ತಿದಂತೆ ಝಗಝಗಿಸುತ್ತಿರುತ್ತವೆ. ಕೆಂಪು ಬಲಕ್ಕೆ, ಹಸಿರು ಎಡಕ್ಕೆ ಬಂದಿರುತ್ತದೆ. ಒಡಲಿನ ಪ್ಲಾಸ್ಟಿಕ್ ಪೂರ್ತಿ ಗೂಡುದೀಪದ ಹಾಗೆ ಹೊಳೆಯುತ್ತಿರುತ್ತದೆ. ತೀರ್ಪುಗಾರರು ಬಹುಮಾನ ಕೊಡುವುದೂ ಅದಕ್ಕೇ ಎಂಬುದು ಬೇರೆ ಮಾತು.

ಮಾದರಿಗೆ ಬೆಳಕು ತರುವುದು ಇಂದು ಸುಲಭ. ಐದು ರೂಪಾಯಿಯ ಎಲ್‌ಇಡಿ ಸಾಕು. ಆ ಬೆಳಕನ್ನು ಎಷ್ಟು ತಗ್ಗಿಸಬೇಕು, ಎಲ್ಲೆಲ್ಲಿ ತಡೆಯಬೇಕು ಎಂಬಲ್ಲೇ ಕಷ್ಟವಿರುವುದು. ಉದಾಹರಣೆಗೆ ನಮಗೆಲ್ಲ ಪರಿಚಿತವಾದ ಏರ್‌ಬಸ್ ಎ-320 ವಿಮಾನವನ್ನೇ ತೆಗೆದುಕೊಳ್ಳೋಣ. 1987ರ ಫೆಬ್ರವರಿಯಲ್ಲಿ ಮೊದಲು ಹಾರಿದ ಈ ವಿಮಾನ 1989ರಲ್ಲಿ ಆಗಿನ ಇಂಡಿಯನ್ ಏರ್‌ಲೈನ್ಸ್ ಸೇವೆಗೆ ಬಂತು. ಇವತ್ತು ಬೆಂಗಳೂರಿನ ಮೇಲೆ ಹಾರುವ ವಿಮಾನಗಳಲ್ಲಿ ದೊಡ್ಡ ಪಾಲು ಇದೇ ಕುಟುಂಬದ್ದು. ರೆವೆಲ್ ಕಂಪನಿ ಇದರ ಕಿಟ್ಟನ್ನು 144ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಮಾಡಿದೆ. ಸುಮಾರು ಮೂವತ್ತೇಳೂವರೆ ಮೀಟರ್ ಉದ್ದದ ವಿಮಾನ ಈ ಅಳತೆಯಲ್ಲಿ 26 ಸೆಂಟಿಮೀಟರ್ ಆಗುತ್ತದೆ. ಶಾಲೆಯ ಮಕ್ಕಳ ಅಡಿಕೋಲಿಗಿಂತ ಚಿಕ್ಕದು.

ಕೆಂಪು ಎಡಕ್ಕೆ, ಹಸಿರು ಬಲಕ್ಕೆ

ವಿಮಾನಕ್ಕೆ ಈ ಬಣ್ಣಗಳು ಬಂದದ್ದು ಹಡಗಿನಿಂದ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲೇ ಉಗಿಹಡಗುಗಳ ಎಡಬದಿಗೆ ಕೆಂಪು, ಬಲಬದಿಗೆ ಹಸಿರು ದೀಪವೆಂದು ನಿಗದಿಯಾಗಿತ್ತು. ಆಕಾಶಕ್ಕೆ ಏರಿದ ಮನುಷ್ಯ ಅದನ್ನೇ ಕೊಂಡೊಯ್ದ. ಎಡ, ಬಲ ಎಂದರೆ ಪೈಲಟ್ ಕುಳಿತು ಮುಂದೆ ನೋಡಿದಾಗಿನ ಎಡ, ಬಲ. ಮಾದರಿಯನ್ನು ಎದುರಿಗಿಟ್ಟುಕೊಂಡು ಮೂಗಿನ ಕಡೆಯಿಂದ ನೋಡುತ್ತ ಕೆಲಸ ಮಾಡುವ ಮಕ್ಕಳು ಅದಲುಬದಲು ಮಾಡುವುದು ಇಲ್ಲೇ.

ನಿಯಮದ ಪ್ರಕಾರ ರೆಕ್ಕೆಯ ತುದಿಯ ಕೆಂಪು ದೀಪ ನೇರ ಮುಂದಿನಿಂದ ಎಡಕ್ಕೆ 110 ಡಿಗ್ರಿವರೆಗೆ ಮಾತ್ರ ಕಾಣಬೇಕು. ಹಸಿರು ಹಾಗೆಯೇ ಬಲಕ್ಕೆ 110 ಡಿಗ್ರಿ. ಬಾಲದ ಬಿಳಿ ದೀಪ ಹಿಂದಿನ 140 ಡಿಗ್ರಿ. ಕೂಡಿಸಿ ನೋಡಿ, ಸರಿಯಾಗಿ 360. ಅಂದರೆ ಯಾವ ದಿಕ್ಕಿನಿಂದ ನೋಡಿದರೂ ಒಂದು ದೀಪ ಕಾಣಲೇಬೇಕು, ಕಂಡ ಬಣ್ಣದಿಂದಲೇ ವಿಮಾನ ಯಾವ ಕಡೆ ಮುಖ ಮಾಡಿದೆ ಎಂಬುದು ತಿಳಿಯಬೇಕು. ಬಿಳಿ ಮಾತ್ರ ಕಂಡರೆ ಅದು ನಮ್ಮಿಂದ ದೂರ ಹೋಗುತ್ತಿದೆ. ಕೆಂಪು ಮಾತ್ರ ಕಂಡರೆ ನಮ್ಮ ಎದುರಿನಲ್ಲಿ ಬಲದಿಂದ ಎಡಕ್ಕೆ ಸಾಗುತ್ತಿದೆ. ನಮ್ಮ ಬಲಗೈ ಕಡೆ ಕೆಂಪು, ಎಡಗೈ ಕಡೆ ಹಸಿರು ಎರಡೂ ಒಟ್ಟಿಗೆ ಕಂಡರೆ? ಅದು ನೇರ ನಮ್ಮತ್ತಲೇ ಬರುತ್ತಿದೆ. ತಾರಸಿಯ ಮೇಲೆ ನಿಂತವರಿಗೆ ಇದು ಕುತೂಹಲದ ವಿಷಯ. ಇನ್ನೊಂದು ವಿಮಾನದಲ್ಲಿ ಕುಳಿತ ಪೈಲಟ್‌ಗೆ ಜೀವನ್ಮರಣದ ವಿಷಯ.

ಗಂಟೆಗೆ 800 ಕಿಲೋಮೀಟರ್ ವೇಗದ ಎರಡು ವಿಮಾನಗಳು ಎದುರುಬದುರಾದರೆ ಅವುಗಳ ನಡುವಿನ ಅಂತರ ಸೆಕೆಂಡಿಗೆ ಸುಮಾರು 440 ಮೀಟರ್‌ನಂತೆ ಕರಗುತ್ತದೆ. ಐದು ಕಿಲೋಮೀಟರ್ ದೂರದಲ್ಲಿ ದೀಪ ಕಂಡಿತೆಂದರೂ ಕೈಯಲ್ಲಿರುವುದು ಹನ್ನೊಂದು ಸೆಕೆಂಡು. ಮೋಡ ಅಡ್ಡ ಬಂದರೆ ಅದೂ ಇಲ್ಲ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯ ಬೋಯಿಂಗ್ 747 ಮತ್ತು ಕಜಕಸ್ತಾನದ ಐಎಲ್-76 ಡಿಕ್ಕಿ ಹೊಡೆದು 349 ಮಂದಿ ಸತ್ತರು. ದೀಪಗಳನ್ನಷ್ಟೇ ನಂಬಿಕೊಳ್ಳಲಾಗದು ಎಂದು ಡಿಕ್ಕಿ ತಪ್ಪಿಸುವ ವಿದ್ಯುನ್ಮಾನ ಸಾಧನವನ್ನು ನಮ್ಮ ದೇಶದಲ್ಲಿ ಕಡ್ಡಾಯ ಮಾಡಿದ್ದು ಆ ದುರಂತದ ನಂತರ. ಆದರೂ ದೀಪಗಳನ್ನು ಯಾರೂ ತೆಗೆದುಹಾಕಲಿಲ್ಲ. ಇಷ್ಟು ಗಂಭೀರವಾದ ಭಾಷೆಯನ್ನು ಮಾದರಿಯಲ್ಲಿ ತಪ್ಪು ಬರೆಯಬಾರದು ಎಂಬುದು ನನ್ನ ಹಟ. ರೆಕ್ಕೆಯ ತುದಿಯ ದೀಪದ ಹಿಂಬದಿಗೆ ಚುಕ್ಕೆಯಷ್ಟು ಕಪ್ಪು ಬಣ್ಣ ಹಚ್ಚಿದರೆ ಕೆಂಪು, ಹಸಿರು ಎರಡೂ ಹಿಂದಿನಿಂದ ಕಾಣದಂತೆ ಮಾಡಬಹುದು. ಅರ್ಧ ನಿಮಿಷದ ಕೆಲಸ, ಆದರೆ ಮಾಡುವವರು ಕಡಿಮೆ.

ಹಳೆಯ ಕಾಲದ ವಿಮಾನದ ಮಾದರಿ ಮಾಡುವವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಡಕೋಟಾದಂಥ ವಿಮಾನದ ಬಲರೆಕ್ಕೆಯ ದೀಪದ ಗಾಜನ್ನು ಹಗಲಿನಲ್ಲಿ ನೋಡಿದರೆ ಅದು ಹಸಿರಲ್ಲ, ನೀಲಿ ಬೆರೆತ ಹಸಿರು. ಒಳಗಿರುವ ತಂತಿ ಬಲ್ಬಿನ ಬೆಳಕು ಹಳದಿಗೆ ವಾಲಿದ್ದು. ಹಳದಿ ಬೆಳಕು ಆ ನೀಲಿಹಸಿರು ಗಾಜನ್ನು ದಾಟಿ ಹೊರಬಂದಾಗ ಹಸಿರಾಗುತ್ತದೆ. ಆದ್ದರಿಂದ ಅಂಥ ಮಾದರಿಗೆ ಹಸಿರು ಎಲ್‌ಇಡಿಗಿಂತ ಹಳದಿ ಛಾಯೆಯ ಬಿಳಿ ಎಲ್‌ಇಡಿ ಇಟ್ಟು ಗಾಜಿಗೆ ನೀಲಿಹಸಿರು ಪಾರದರ್ಶಕ ಬಣ್ಣ ಹಚ್ಚುವುದು ಒಳ್ಳೆಯದು. ಆರಿದಾಗಲೂ ಸರಿ, ಹತ್ತಿದಾಗಲೂ ಸರಿ.

ಎಷ್ಟು ಬೆಳಕು ಸಾಕು?

ಈಗ ಲೆಕ್ಕಕ್ಕೆ ಬರೋಣ. ಒಂಬತ್ತನೆಯ ತರಗತಿ ದಾಟಿದವರು ಹೆದರಬೇಕಾಗಿಲ್ಲ.

144ರಲ್ಲಿ ಒಂದು ಅಳತೆಯ ಮಾದರಿಯನ್ನು ಅರ್ಧ ಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ವಿಮಾನವನ್ನು 72 ಮೀಟರ್ ದೂರದಿಂದ ನೋಡಿದ ಹಾಗೆ. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಆದ್ದರಿಂದ ಕಣ್ಣಿಗೆ ಅಷ್ಟೇ ಬೆಳಕು ಬೀಳಬೇಕಾದರೆ ಮಾದರಿಯ ದೀಪ ಅಸಲಿ ದೀಪದ 144ರ ವರ್ಗದಲ್ಲಿ ಒಂದು ಪಾಲು ಇರಬೇಕು. 144 ಗುಣಿಸು 144 ಎಂದರೆ 20,736. ರೆಕ್ಕೆಯ ತುದಿಯ ದೀಪಕ್ಕೆ ನೇರ ಮುಂದಿನ ದಿಕ್ಕಿನಲ್ಲಿ ನಿಯಮ ಹೇಳುವ ಕನಿಷ್ಠ ಪ್ರಖರತೆ 40 ಕ್ಯಾಂಡೆಲಾ. ಅದನ್ನು 20,736ರಿಂದ ಭಾಗಿಸಿದರೆ ಬರುವುದು ಸುಮಾರು 2 ಮಿಲಿಕ್ಯಾಂಡೆಲಾ.

ಇನ್ನು ಅಂಗಡಿಯಲ್ಲಿ ಸಿಗುವ ಎಲ್‌ಇಡಿ ನೋಡಿ. ಇಂದಿನ ಸಾಧಾರಣ ಬಿಳಿ ಎಲ್‌ಇಡಿ 20 ಮಿಲಿಆಂಪಿಯರ್ ವಿದ್ಯುತ್ತಿನಲ್ಲಿ 5,000 ಮಿಲಿಕ್ಯಾಂಡೆಲಾ ಅಥವಾ ಅದಕ್ಕೂ ಹೆಚ್ಚು ಬೆಳಕು ಕೊಡುತ್ತದೆ. ಬೇಕಾದದ್ದು ಎರಡು, ಇರುವುದು ಐದು ಸಾವಿರ! ಈ ಎಲ್‌ಇಡಿಯನ್ನು ಪೂರ್ಣ ಬೆಳಕಿನಲ್ಲಿ ರೆಕ್ಕೆಯ ತುದಿಗೆ ಇಟ್ಟರೆ ಮಾದರಿ ಆಟಿಕೆಯಂತೆ ಕಾಣುವುದರಲ್ಲಿ ಆಶ್ಚರ್ಯವೇನು? ವಿಚಿತ್ರವೆಂದರೆ 1980-90ರ ದಶಕಗಳಲ್ಲಿ ಟೇಪ್ ರೆಕಾರ್ಡರ್, ಸ್ಟೆಬಿಲೈಜರ್‌ಗಳ ಮುಖದ ಮೇಲೆ ಇರುತ್ತಿದ್ದ ಮಂಕು ಕೆಂಪು ಎಲ್‌ಇಡಿಗಳು ಕೆಲವೇ ಮಿಲಿಕ್ಯಾಂಡೆಲಾ ಬೆಳಕಿನವು. ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ರೇಡಿಯೊ ರಿಪೇರಿ ಅಂಗಡಿಯ ಮೂಲೆಯ ಡಬ್ಬಿಯಲ್ಲಿ ಈಗಲೂ ಸಿಗುತ್ತವೆ, ಕೇಳಿ ನೋಡಿ.

ಥಟ್ಟನೆ ಮಿಂಚುವ ಬಿಳಿ ದೀಪಕ್ಕೆ ಸ್ಟ್ರೋಬ್ ಎಂದು ಹೆಸರು. ಡಿಕ್ಕಿ ತಪ್ಪಿಸಲು ಇರುವ ಇಂಥ ದೀಪಗಳಿಗೆ ನಿಯಮ ಹೇಳುವ ಪರಿಣಾಮಕಾರಿ ಪ್ರಖರತೆ ಕನಿಷ್ಠ 400 ಕ್ಯಾಂಡೆಲಾ. ಮಾದರಿಯಲ್ಲಿ ಅದು 19 ಮಿಲಿಕ್ಯಾಂಡೆಲಾ. ಇದೂ ಅಲ್ಪವೇ. ಇಳಿಯುವಾಗ ರನ್‌ವೇ ಬೆಳಗಿಸುವ ಲ್ಯಾಂಡಿಂಗ್ ದೀಪದ ಕಥೆ ಮಾತ್ರ ಬೇರೆ. ಅಲ್ಲಿ ಬೆಳಕೆಲ್ಲ ಒಂದು ಸಣ್ಣ ಶಂಕುವಿನೊಳಗೆ ಸೇರಿ ಲಕ್ಷಗಟ್ಟಲೆ ಕ್ಯಾಂಡೆಲಾ ಆಗುತ್ತದೆ. ಒಂದೇ ಲಕ್ಷವೆಂದು ಹಿಡಿದರೂ ಮಾದರಿಗೆ ಸುಮಾರು 5 ಕ್ಯಾಂಡೆಲಾ, ಅಂದರೆ 5,000 ಮಿಲಿಕ್ಯಾಂಡೆಲಾ ಬೇಕು. ಅಂಗಡಿಯ ಎಲ್‌ಇಡಿಯ ಪೂರ್ಣ ಶಕ್ತಿ ಬೇಕಾಗುವುದು ಇದೊಂದಕ್ಕೆ. ಎಲ್ಲ ದೀಪಗಳನ್ನೂ ಒಂದೇ ಸಮ ಉರಿಸುವುದರಿಂದ ಅಸಲಿ ವಿಮಾನದ ಈ ತಾರತಮ್ಯ ಮಾಯವಾಗಿಬಿಡುತ್ತದೆ.

ಹಾಗೆಂದು ಲೆಕ್ಕವನ್ನೇ ಕಣ್ಣುಮುಚ್ಚಿ ನಂಬಬೇಡಿ. ನಿಜ ವಿಮಾನವನ್ನು ನಾವು ಕತ್ತಲಲ್ಲಿ ನೋಡುತ್ತೇವೆ, ಮಾದರಿಯನ್ನು ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ. ಎರಡು ಮಿಲಿಕ್ಯಾಂಡೆಲಾ ಅಲ್ಲಿ ಕಾಣಿಸಲಿಕ್ಕಿಲ್ಲ. ಆದ್ದರಿಂದ ಪ್ರತಿ ದೀಪದ ಸಾಲಿನಲ್ಲಿ ಮೊದಲು ಒಂದು ಲಕ್ಷ ಓಮ್‌ನ ಬದಲಿಸಬಲ್ಲ ರೋಧಕವನ್ನು ಹಾಕಿ, ಜೊತೆಗೆ ರಕ್ಷಣೆಗೆ ಸಾವಿರ ಓಮ್‌ನದೊಂದು ಇರಲಿ. ಸಂಜೆ ಕೋಣೆಯ ಬೆಳಕು ತಗ್ಗಿಸಿ ಕಣ್ಣಿಗೆ ಒಪ್ಪುವ ತನಕ ತಿರುಗಿಸಿ, ಆಮೇಲೆ ಮೀಟರಿನಿಂದ ಅಳೆದು ಅಷ್ಟೇ ಬೆಲೆಯ ಸ್ಥಿರ ರೋಧಕ ಬೆಸೆಯಿರಿ. ಪುಸ್ತಕದಲ್ಲಿ ಓಮ್‌ನ ನಿಯಮದಿಂದ ಬರುವ ಉತ್ತರ ಗೊತ್ತೇ ಇದೆ. 9 ವೋಲ್ಟ್ ಬ್ಯಾಟರಿ, ಕೆಂಪು ಎಲ್‌ಇಡಿ ತಿನ್ನುವುದು 2 ವೋಲ್ಟ್, ಉಳಿದ 7 ವೋಲ್ಟನ್ನು 10 ಮಿಲಿಆಂಪಿಯರ್‌ನಿಂದ ಭಾಗಿಸಿದರೆ 700 ಓಮ್, ಅಂಗಡಿಯಲ್ಲಿ ಸಿಗುವ ಹತ್ತಿರದ ಬೆಲೆ 680. ಆದರೆ ಮಾದರಿಯ ಕಣ್ಣಳತೆಯಲ್ಲಿ ಸಾಮಾನ್ಯವಾಗಿ ಹತ್ತು ಸಾವಿರದಿಂದ ಐವತ್ತು ಸಾವಿರ ಓಮ್‌ವರೆಗೂ ಹೋಗಬೇಕಾಗುತ್ತದೆ. ಪಠ್ಯಪುಸ್ತಕದ 680 ಎಲ್‌ಇಡಿಯನ್ನು ಸುಡದಂತೆ ಕಾಯುವ ಬೆಲೆ, ಅಷ್ಟೇ.

ಯಾವ ಗಳಿಗೆಯ ವಿಮಾನ?

ಕಿಟ್ಟಿನ ಡಬ್ಬಿ ತೆರೆಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ. ನಿಮ್ಮ ವಿಮಾನ ಯಾವ ಗಳಿಗೆಯಲ್ಲಿದೆ? ಏಕೆಂದರೆ ಎಲ್ಲ ದೀಪಗಳೂ ಒಟ್ಟಿಗೆ ಉರಿಯುವ ಹೊತ್ತು ವಿಮಾನದ ದಿನದಲ್ಲಿ ಬಹಳ ಕಡಿಮೆ.

ನಿಲ್ದಾಣದಲ್ಲಿ ಪ್ರಯಾಣಿಕರು ಹತ್ತುತ್ತಿರುವಾಗ ಕಿಟಕಿಗಳೆಲ್ಲ ಬೆಳಗಿರುತ್ತವೆ, ರೆಕ್ಕೆಯ ತುದಿಯ ಬಣ್ಣದ ದೀಪಗಳು ಉರಿಯುತ್ತಿರುತ್ತವೆ. ಬಾಲದ ಅಡ್ಡರೆಕ್ಕೆಯ ಮೇಲಿರುವ ಎರಡು ದೀಪಗಳು ನೆಟ್ಟಗಿನ ಬಾಲದ ಮೇಲಿನ ಕಂಪನಿಯ ಚಿಹ್ನೆಯನ್ನು ತೋರಿಸುತ್ತಿರುತ್ತವೆ. ಬೆನ್ನಿನ ಮೇಲೆ, ಹೊಟ್ಟೆಯಡಿ ಇರುವ ಕೆಂಪು ಬೀಕನ್ ಮಾತ್ರ ಆರಿರುತ್ತದೆ. ಅದು ಹತ್ತಿತೆಂದರೆ ಎಂಜಿನ್ ಚಾಲೂ ಆಗುತ್ತಿದೆ, ಹತ್ತಿರ ಬರಬೇಡಿ ಎಂದು ನೆಲದ ಮೇಲಿನ ಕೆಲಸಗಾರರಿಗೆ ಎಚ್ಚರಿಕೆ. ಜೆಟ್ ಎಂಜಿನ್ ಮುಂದೆ ನಿಂತ ಮನುಷ್ಯನನ್ನು ಒಳಕ್ಕೆ ಎಳೆದುಕೊಳ್ಳಬಲ್ಲದು, ಆ ಕೆಂಪು ಬೆಳಕನ್ನು ಅವರು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ವಿಮಾನ ಚಲಿಸತೊಡಗಿದಾಗ ಮೂಗಿನ ಚಕ್ರದ ಕಾಲಿಗಿರುವ ಬಿಳಿ ದೀಪ ಹತ್ತುತ್ತದೆ. ರೆಕ್ಕೆಯ ಸ್ಟ್ರೋಬ್ ಬೆಳಗುವುದು ರನ್‌ವೇಗೆ ಕಾಲಿಟ್ಟ ಮೇಲೆ. ಎ-320ರಲ್ಲಿ ಅದರ ಸ್ವಿಚ್ಚಿಗೆ ‘ಆಟೊ’ ಎಂಬ ಸ್ಥಾನವೂ ಇದೆ, ಹಾಗೆ ಬಿಟ್ಟರೆ ಚಕ್ರ ನೆಲ ಬಿಟ್ಟ ಮೇಲೆ ತಾನಾಗಿ ಮಿಂಚತೊಡಗುತ್ತದೆ. ಮೇಜಿನ ಮೇಲೆ ಚಕ್ರ ಊರಿ, ಬಾಗಿಲಿಗೆ ಮೆಟ್ಟಿಲು ತಾಗಿಸಿ ನಿಲ್ಲಿಸಿದ ಮಾದರಿಯಲ್ಲಿ ಸ್ಟ್ರೋಬ್ ಮಿಂಚುತ್ತಿದ್ದರೆ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವವರು ನೋಡಿ ನಗುತ್ತಾರೆ.

ಇನ್ನೊಂದು ಸೂಕ್ಷ್ಮ. ರಾತ್ರಿ ಏರುವಾಗ, ಇಳಿಯುವಾಗ ಒಳಗಿನ ದೀಪಗಳನ್ನು ಮಂದ ಮಾಡುತ್ತಾರೆ. ಅಪಾಯ ಸಂಭವಿಸಿ ಹೊರಗೆ ಓಡಬೇಕಾಗಿ ಬಂದರೆ ಪ್ರಯಾಣಿಕರ ಕಣ್ಣು ಕತ್ತಲಿಗೆ ಹೊಂದಿಕೊಂಡಿರಲಿ ಎಂದು. ಹೀಗಾಗಿ ಲ್ಯಾಂಡಿಂಗ್ ದೀಪ ಉರಿಯುವ ಮಾದರಿಯಲ್ಲಿ ಕಿಟಕಿಗಳು ಪ್ರಖರವಾಗಿರುವುದು ಸಲ್ಲದು.

ಒಡಲೊಳಗಿನ ಕೆಲಸ

ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಒಂದು ಮಿಲಿಮೀಟರ್ ದಪ್ಪವಿದ್ದರೂ ಬೆಳಕನ್ನು ಪೂರ್ತಿ ತಡೆಯುವುದಿಲ್ಲ, ಬಿಳಿ ಪ್ಲಾಸ್ಟಿಕ್ ಅಂತೂ ತಡೆಯುವುದೇ ಇಲ್ಲ. ಒಡಲಿನ ಎರಡು ಹೋಳುಗಳ ಒಳಮೈಗೆ ಮೊದಲು ಕಪ್ಪು ಬಣ್ಣ ಎರಡು ಕೋಟ್, ಅದರ ಮೇಲೆ ಬಿಳಿ ಒಂದು ಕೋಟ್ ಹಚ್ಚಬೇಕು. ಕಪ್ಪು ತಡೆಯಲಿಕ್ಕೆ, ಬಿಳಿ ಒಳಗೆ ಹರಡಲಿಕ್ಕೆ. ಕೆಲವರು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸುತ್ತಾರೆ. ತಡೆಯುವುದೇನೋ ನಿಜ, ಆದರೆ ಅದು ವಿದ್ಯುತ್ ವಾಹಕ. ತಂತಿಯ ಬೆಸುಗೆ ಅದಕ್ಕೆ ತಾಗಿದರೆ ಬ್ಯಾಟರಿ ಬಿಸಿಯಾಗಿ ಖಾಲಿಯಾಗುತ್ತದೆ. ಬಣ್ಣವೇ ಕ್ಷೇಮ.

ಕಿಟಕಿಯ ತೂತುಗಳಿಗೆ ಫೆವಿಕಾಲ್ ಉಪಾಯ ಚೆನ್ನಾಗಿದೆ. ಕಡ್ಡಿಯ ತುದಿಯಲ್ಲಿ ತೆಗೆದು ತೂತಿನ ಅಂಚಿನ ಸುತ್ತ ಆಡಿಸಿದರೆ ಪೊರೆಯಂತೆ ಮುಚ್ಚಿಕೊಂಡು, ಒಣಗಿದ ಮೇಲೆ ಅರೆಪಾರದರ್ಶಕವಾಗುತ್ತದೆ. ಒಳಗೆ ಎಲ್‌ಇಡಿಯನ್ನು ಕಿಟಕಿಗೆ ಮುಖ ಮಾಡಿ ಇಡಬಾರದು, ಎದುರಿನ ಒಂದು ಕಿಟಕಿ ಮಾತ್ರ ಸೂರ್ಯನಂತೆ ಉರಿದು ಉಳಿದವು ಮಂಕಾಗುತ್ತವೆ. ಛಾವಣಿಯತ್ತ ಮುಖ ಮಾಡಿಟ್ಟರೆ ಬಿಳಿ ಬಣ್ಣಕ್ಕೆ ಬಡಿದು ಹರಡಿದ ಬೆಳಕು ಎಲ್ಲ ಕಿಟಕಿಗಳಿಗೂ ಸಮನಾಗಿ ಸಿಗುತ್ತದೆ.

ರೆಕ್ಕೆಯ ತುದಿಯೇ ನಿಜವಾದ ಪರೀಕ್ಷೆ. ಅಸಲಿ ದೀಪದ ಗಾಜು ಒಂದು ಗೇಣಿನಷ್ಟಿದ್ದರೂ ಈ ಅಳತೆಯಲ್ಲಿ ಅದು ಒಂದೂವರೆ ಮಿಲಿಮೀಟರ್ ದಾಟುವುದಿಲ್ಲ. ಮೂರು ಮಿಲಿಮೀಟರ್ ಎಲ್‌ಇಡಿ ಅಲ್ಲಿ ಹಿಡಿಯುವುದೆಲ್ಲಿ? ಹಿಂದೆ ಪಾಶ್ಚಾತ್ಯ ಹವ್ಯಾಸಿಗಳು ಗೋಧಿಕಾಳು, ಅಕ್ಕಿಕಾಳು ಎಂಬರ್ಥದ ಹೆಸರುಳ್ಳ ಪುಟಾಣಿ ತಂತಿ ಬಲ್ಬುಗಳನ್ನು ಬಳಸುತ್ತಿದ್ದರು. ಅವು ಬಿಸಿಯಾಗಿ ಪ್ಲಾಸ್ಟಿಕ್ ಮೆದುವಾಗುತ್ತಿತ್ತು. ಒಂದು ದಿನ ಸುಟ್ಟುಹೋದರೆ ಅಂಟಿಸಿದ ಒಡಲನ್ನು ಒಡೆಯದೆ ಬದಲಿಸುವಂತಿರಲಿಲ್ಲ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಮಾಡಿದರು. ಬಿಳಿಗೆ ನೀಲಿ ಬೇಕಿತ್ತು, ಅದು ಬರಲು ಇನ್ನೂ ಮೂರು ದಶಕ ಹಿಡಿಯಿತು. 1993ರಲ್ಲಿ ಜಪಾನಿನ ಶುಜಿ ನಕಮುರಾ ಪ್ರಖರ ನೀಲಿ ಎಲ್‌ಇಡಿ ತೋರಿಸಿದರು. ನೀಲಿಯ ಮೇಲೆ ಹಳದಿ ಬೆಳಕು ಸೂಸುವ ಲೇಪ ಹಚ್ಚಿದರೆ ಬಿಳಿ. ನೀಲಿ ಎಲ್‌ಇಡಿಯ ಸಾಧನೆಗಾಗಿ ಅಕಸಾಕಿ, ಅಮಾನೊ ಮತ್ತು ನಕಮುರಾ 2014ರ ಭೌತವಿಜ್ಞಾನ ನೊಬೆಲ್ ಪಡೆದರು. ಇಂದು ಒಂದು ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲದ ಎಲ್‌ಇಡಿಗಳೂ ಕೂದಲೆಳೆಯ ತಂತಿ ಬೆಸೆದೇ ಸಿಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು.

ನನಗೆ ಹೆಚ್ಚು ಇಷ್ಟವಾದ ದಾರಿ ಆಪ್ಟಿಕಲ್ ಫೈಬರಿನದು. ಎಲ್‌ಇಡಿ ಒಡಲಿನ ಒಳಗೋ, ಮಾದರಿ ನಿಂತ ಪೀಠದ ಒಳಗೋ ಇರುತ್ತದೆ. ಅಲ್ಲಿಂದ ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆ ಬೆಳಕನ್ನು ರೆಕ್ಕೆಯ ತುದಿಗೆ ಒಯ್ಯುತ್ತದೆ. ಹತ್ತನೆಯ ತರಗತಿಯಲ್ಲಿ ಸಂಪೂರ್ಣ ಆಂತರಿಕ ಪ್ರತಿಫಲನದ ಚಿತ್ರ ಬಿಡಿಸಿ ಅಂಕ ಗಳಿಸಿದವರೆಲ್ಲ ಒಮ್ಮೆ ಈ ಎಳೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಪಕ್ಕದಿಂದ ಕತ್ತಲು, ತುದಿಯಲ್ಲಿ ಮಾತ್ರ ಉರಿಯುವ ಚುಕ್ಕೆ. ತೀರ ಮಡಿಚಿದರೆ ಮಡಿಕೆಯಲ್ಲಿ ಬೆಳಕು ಸೋರುವುದು ಕಣ್ಣಿಗೇ ಕಾಣುತ್ತದೆ, ಕ್ರಾಂತಿಕೋನ ತಪ್ಪಿದೆ ಎಂದು ಎಳೆಯೇ ಹೇಳುತ್ತದೆ. ಈ ವಿದ್ಯೆಗೆ ಫೈಬರ್ ಆಪ್ಟಿಕ್ಸ್ ಎಂಬ ಹೆಸರಿಟ್ಟವರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ. ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಜೊತೆ ಎಳೆಗಳ ಕಟ್ಟಿನ ಮೂಲಕ ಬಿಂಬ ಸಾಗಿಸಿ ತೋರಿಸಿದ ಅವರ ಪ್ರಬಂಧ 1954ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು.

ಎಳೆಯ ತುದಿಯನ್ನು ಉರಿಯುವ ಊದುಬತ್ತಿಯ ಕೆಂಡದ ಹತ್ತಿರ, ತಾಗಿಸದೆ, ಒಂದು ಕ್ಷಣ ಹಿಡಿದರೆ ಅದು ಕರಗಿ ಅಣಬೆಯ ತಲೆಯಂತೆ ಉಬ್ಬುತ್ತದೆ. ಅದೇ ಒಂದು ಪುಟ್ಟ ಮಸೂರ. ಬೆಳಕು ನೇರಕ್ಕೆ ಮಾತ್ರವಲ್ಲದೆ ಅಕ್ಕಪಕ್ಕಕ್ಕೂ ಹರಡುತ್ತದೆ, ರೆಕ್ಕೆಯ ದೀಪದ ಗಾಜೂ ಆದಂತಾಯಿತು. ಅಂಟಿನ ವಿಷಯದಲ್ಲಿ ಎಚ್ಚರ. ಕಿಟ್ಟಿಗೆ ಬಳಸುವ ದ್ರಾವಕದ ಅಂಟು ಎಳೆಯನ್ನು ಕೆಡಿಸುತ್ತದೆ, ಥಟ್ಟನೆ ಹಿಡಿಯುವ ಸೂಪರ್ ಗ್ಲೂ ಅದನ್ನು ಪೆಡಸು ಮಾಡಿ ಆಮೇಲೆ ಮುರಿಯುತ್ತದೆ. ಇಲ್ಲಿಯೂ ಫೆವಿಕಾಲೇ ಒಳ್ಳೆಯದು.

ತಂತಿಗಳಿಗೆ ಹಳೆಯ ರಿಲೇ ಅಥವಾ ಸಣ್ಣ ಟ್ರಾನ್ಸ್‌ಫಾರ್ಮರಿನ ಎನಾಮಲ್ ಲೇಪಿತ ತಾಮ್ರದ ಎಳೆ ಸಾಕು. ಬೆಸೆಯುವ ತುದಿಯ ಲೇಪವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯಿರಿ. ಹಾರುವ ಭಂಗಿಯ ಮಾದರಿಯಾದರೆ ಪೀಠದ ಕೊಳವೆಯೊಳಗೆ ತಂತಿ ಇಳಿಸಬಹುದು. ಚಕ್ರದ ಮೇಲೆ ನಿಂತದ್ದಾದರೆ ಚಕ್ರದ ಕಾಲಿನ ಬದಲು ಸಣ್ಣ ಹಿತ್ತಾಳೆ ಕೊಳವೆ ಹಾಕಬೇಕಾಗುತ್ತದೆ.

ಒಡಲಿನ ಎರಡು ಹೋಳು ಅಂಟಿಸಿದ ಮೇಲೆ ಒಳಗೆ ಕೈಹಾಕುವಂತಿಲ್ಲ. ಇಡೀ ಕೆಲಸದಲ್ಲಿ ಹಿಂದಕ್ಕೆ ಬರಲಾಗದ ಹೆಜ್ಜೆ ಇದೊಂದೇ. ಆದ್ದರಿಂದ ಹೋಳುಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಎಲ್ಲ ದೀಪಗಳನ್ನೂ ಒಂದು ರಾತ್ರಿಯಿಡೀ ಉರಿಸಿಡಿ. ಬೆಳಿಗ್ಗೆ ಯಾವುದಾದರೂ ಆರಿದ್ದರೆ ಅದರ ಬೆಸುಗೆ ಸರಿಯಿಲ್ಲ. ಆಮೇಲೆ ಕತ್ತಲು ಕೋಣೆಯಲ್ಲಿ ಸುತ್ತ ತಿರುಗಿಸಿ ನೋಡಿ. ಜೋಡಣೆಯ ಗೆರೆ, ರೆಕ್ಕೆಯ ಬುಡ, ಚಕ್ರದ ಗೂಡು, ಈ ಮೂರು ಕಡೆ ಬೆಳಕು ಸೋರಿಯೇ ಸೋರುತ್ತದೆ. ಹೊರಗಿನಿಂದ ಪೆನ್ಸಿಲಿನ ಗುರುತು ಹಾಕಿಕೊಂಡು, ಬಿಚ್ಚಿ, ಒಳಗಿನಿಂದ ಕಪ್ಪು ಹಚ್ಚಿ. ಎರಡು ಮೂರು ಸಲ ಹೀಗೆ ಮಾಡುವ ತಾಳ್ಮೆ ಇರುವ ಹುಡುಗರನ್ನು ಕಂಡರೆ ನನಗೆ ಅವರ ಪರೀಕ್ಷೆಯ ಅಂಕಗಳ ಚಿಂತೆ ಬರುವುದಿಲ್ಲ.

ಮಿನುಗಿನ ಲಯ

ಅಳತೆ ಚಿಕ್ಕದಾದರೂ ಕಾಲ ಚಿಕ್ಕದಾಗುವುದಿಲ್ಲ. ಅಸಲಿ ಬೀಕನ್ ನಿಮಿಷಕ್ಕೆ 40ರಿಂದ 100 ಸಲ ಮಿನುಗಬೇಕೆಂಬುದು ನಿಯಮ, ಮಾದರಿಯಲ್ಲಿಯೂ ಅಷ್ಟೇ ಇರಬೇಕು. ಇದಕ್ಕೆ ಹನ್ಸ್ ಕಾಮೆನ್‌ಜಿಂಡ್ 1971ರಲ್ಲಿ ರೂಪಿಸಿದ 555 ಎಂಬ ಎಂಟು ಕಾಲಿನ ಚಿಪ್ಪು ಈಗಲೂ ಸಾಕು. ಏಳನೆಯ ಕಾಲಿನಿಂದ ಬ್ಯಾಟರಿಯ ಧನಕ್ಕೆ 1,20,000 ಓಮ್, ಏಳರಿಂದ ಆರಕ್ಕೆ 10,000 ಓಮ್, ಎರಡು ಮತ್ತು ಆರನ್ನು ಕೂಡಿಸಿ ಅಲ್ಲಿಂದ ಋಣಕ್ಕೆ 10 ಮೈಕ್ರೊಫ್ಯಾರಡ್ ಧಾರಕ. ಹೊರಗೆ ಬರುವ ಮೂರನೆಯ ಕಾಲು ಸುಮಾರು 0.9 ಸೆಕೆಂಡು ಮೇಲಿದ್ದು 0.07 ಸೆಕೆಂಡು ಮಾತ್ರ ಕೆಳಗಿಳಿಯುತ್ತದೆ. ಎಲ್‌ಇಡಿಯನ್ನು ಅದರ ರೋಧಕದೊಂದಿಗೆ ಧನ ಮತ್ತು ಮೂರನೆಯ ಕಾಲಿನ ನಡುವೆ ಹಾಕಿದರೆ ಆ ಅಲ್ಪ ಹೊತ್ತಿನಲ್ಲಿ ಮಾತ್ರ ಮಿಂಚುತ್ತದೆ. ನಿಮಿಷಕ್ಕೆ 62 ಸಲ. ಹಳೆಯ ವಿಮಾನಗಳಲ್ಲಿ ಬೀಕನ್ ಎಂದರೆ ಮೋಟಾರಿನಿಂದ ತಿರುಗುವ ದೀಪ, ಬೆಳಕು ಥಟ್ಟನೆ ಬರದೆ ಏರಿ ಇಳಿಯುತ್ತಿತ್ತು. ಡಕೋಟಾದ ಕಾಲದ ಮಾದರಿಗೆ ಈ ಥಟ್ಟನೆಯ ಮಿಂಚು ಒಪ್ಪುವುದಿಲ್ಲ, ರೋಧಕದ ಜೊತೆಗೆ ಒಂದು ದೊಡ್ಡ ಧಾರಕ ಸೇರಿಸಿ ಮೆತ್ತಗೆ ಮಾಡಬೇಕು.

ಎ-320ರ ಸ್ಟ್ರೋಬ್‌ಗೆ ತನ್ನದೇ ಗುರುತಿದೆ. ಅದು ಒಂದರ ಹಿಂದೆ ಒಂದರಂತೆ ಎರಡು ಸಲ ಮಿಂಚಿ ಸುಮ್ಮನಾಗುತ್ತದೆ, ಬೋಯಿಂಗ್ 737 ಸಾಮಾನ್ಯವಾಗಿ ಒಂದೇ ಸಲ. ರಾತ್ರಿ ತಾರಸಿಯಿಂದ ಎರಡನ್ನೂ ಬೇರೆ ಮಾಡಿ ಹೇಳಲು ಇದೇ ಸುಲಭದ ದಾರಿ. ಜೋಡಿ ಮಿಂಚಿಗೆ ಇನ್ನೊಂದು 555ರಿಂದ 4017 ಎಂಬ ಎಣಿಕೆಯ ಚಿಪ್ಪನ್ನು ಸೆಕೆಂಡಿಗೆ ಹತ್ತು ಸಲ ತಟ್ಟಿಸಿ, ಅದರ ಹತ್ತು ಹೊರದಾರಿಗಳಲ್ಲಿ ಮೊದಲನೆಯದು ಮತ್ತು ಮೂರನೆಯದನ್ನು ಎರಡು ಡಯೋಡ್‌ಗಳಿಂದ ಕೂಡಿಸಿದರಾಯಿತು. ಅದೇ ಚಿಪ್ಪಿನ ಏಳನೆಯ ದಾರಿಯಿಂದ ಬೀಕನ್ನನ್ನೂ ಓಡಿಸಿ ಒಂದು 555 ಉಳಿಸೋಣ ಎಂದು ಜಾಣ ಹುಡುಗರು ಹೇಳುವುದುಂಟು. ಬೇಡ. ಅಸಲಿ ವಿಮಾನದಲ್ಲಿ ಬೀಕನ್ ಮತ್ತು ಸ್ಟ್ರೋಬ್ ಒಂದನ್ನೊಂದು ಕೇಳುವುದಿಲ್ಲ, ಕೆಲವೊಮ್ಮೆ ಜೊತೆಯಾಗಿ ಮತ್ತೆ ಬೇರೆಯಾಗುತ್ತವೆ. ತಾಳ ಹಾಕಿದಂತೆ ಕೂಡಿ ಮಿನುಗಿದರೆ ಮತ್ತೆ ಸೀರಿಯಲ್ ಸೆಟ್ಟೇ. ಪ್ರೋಗ್ರಾಮ್ ಮಾಡಬಲ್ಲ ಒಂದೇ ಚಿಪ್ಪಿನಿಂದ ಇದನ್ನೆಲ್ಲ ಮಾಡುವವರು ಈಗ ಬಹಳ. ಅವರೂ ಎರಡು ಲಯಗಳನ್ನು ಬೇರೆಬೇರೆ ಇಡಲಿ.

ಬೆಳಕು ತಗ್ಗಿಸಿದ್ದರಿಂದ ಬ್ಯಾಟರಿಗೂ ಲಾಭ. ಎಂಟು ಹತ್ತು ಎಲ್‌ಇಡಿಗಳು ಸೇರಿ ಕುಡಿಯುವುದು ಮೂರು ನಾಲ್ಕು ಮಿಲಿಆಂಪಿಯರ್‌ಗೆ ಇಳಿಯುತ್ತದೆ. ಆಗ ನೋಡಿದರೆ ಹಳೆಯ ಮಾದರಿಯ 555 ತಾನೊಂದೇ ಐದು ಮಿಲಿಆಂಪಿಯರ್‌ಗಿಂತ ಹೆಚ್ಚು ನುಂಗುತ್ತಿರುತ್ತದೆ, ದೀಪಗಳಿಗಿಂತ ದೀಪ ಹಚ್ಚುವವನ ಖರ್ಚೇ ಜಾಸ್ತಿ! ಅದರ ಬದಲು 7555 ಎಂಬ ಸಿಮಾಸ್ ತಳಿಯ ಚಿಪ್ಪು ಕೊಳ್ಳಿ. ಕಾಲುಗಳ ಜೋಡಣೆ ಅದೇ, ತಿನ್ನುವುದು ಮಾತ್ರ ಮಿಲಿಆಂಪಿಯರಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಸ್ವಿಚ್ಚುಗಳು ಮೂರಿರಲಿ. ಕಿಟಕಿ ಮತ್ತು ಬಣ್ಣದ ದೀಪಗಳಿಗೆ ಒಂದು, ಬೀಕನ್‌ಗೆ ಒಂದು, ಸ್ಟ್ರೋಬ್ ಮತ್ತು ಲ್ಯಾಂಡಿಂಗ್ ದೀಪಕ್ಕೆ ಒಂದು. ನೋಡಲು ಬಂದವರು ಕೇಳಿದಾಗ ಈ ಕ್ರಮದಲ್ಲೇ ಒಂದೊಂದಾಗಿ ಹಾಕುತ್ತ ಹೋಗಿ.